ಕಾಣದ ಬೀಗ

ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಕನ್ನಡದಲ್ಲಿ ಸಮಾನಪದವನ್ನು ಹುಡುಕಿಯೇ ತೀರಬೇಕೆಂಬ ಹಟ ನಮಗಿಲ್ಲ. ಆದರೆ ಕೆಲವು ಪದಗಳು ಅನುವಾದಕ್ಕೆ ಒಲ್ಲೆನೆಂದು ಮುಖ ತಿರುಗಿಸಿದಾಗ ಅದಕ್ಕೆ ಕಾರಣವೇನೆಂದು ವಿಚಾರಿಸುವ ಕುತೂಹಲ ಹುಟ್ಟುತ್ತದೆ. ‘ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಶನ್’ ಎಂಬುದು ಅಂಥದೊಂದು ಪದಪುಂಜ. ಬ್ಯಾಂಕು, ಆಸ್ಪತ್ರೆ, ವಿಮಾ ಕಂಪನಿ, ಸರಕಾರಿ ಇಲಾಖೆ ಹೀಗೆ ನಮ್ಮೆಲ್ಲರ ವಿವರಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ ಡೇಟಾಬೇಸುಗಳಿಗೆ ಹಾಕುವ ಒಂದು ಬಗೆಯ ಬೀಗ ಅದು. ‘ಪಾರದರ್ಶಕ ಗೂಢಲಿಪೀಕರಣ’ ಎಂದು ಕನ್ನಡಿಸಿದರೆ ಓದಿದವರು ನಗುತ್ತಾರೆ. ಗೂಢವಾದದ್ದು ಪಾರದರ್ಶಕವಾಗುವುದು ಹೇಗೆ? ನಮ್ಮ ನಾಡಿನಲ್ಲಿ ‘ಪಾರದರ್ಶಕತೆ’ಗೆ ಕಾನೂನಿನ ಮುದ್ರೆಯೇ ಬಿದ್ದಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಇರತಕ್ಕದ್ದೆಂದು ಕರ್ನಾಟಕ 1999ರಲ್ಲಿಯೇ ಅಧಿನಿಯಮ ಮಾಡಿತು. ಅಲ್ಲಿ ಆ ಪದಕ್ಕೆ ಎಲ್ಲರಿಗೂ ಕಾಣುವಂತಿರುವುದು ಎಂದೇ ಅರ್ಥ.

ಇಂಗ್ಲಿಷಿನಲ್ಲಿ ಆ ಪದ ಕಿಟಕಿಯ ಗಾಜಿನಂತೆ ಎರಡು ಕೆಲಸ ಮಾಡುತ್ತದೆ. ಗಾಜಿನ ಆಚೆಗಿರುವುದು ಕಾಣುತ್ತದೆ ಎಂಬುದು ಒಂದು ಅರ್ಥ. ಗಾಜೇ ಕಾಣುವುದಿಲ್ಲ ಎಂಬುದು ಇನ್ನೊಂದು. ಆಡಳಿತದ ಭಾಷೆ ಮೊದಲನೆಯದನ್ನು ಎತ್ತಿಕೊಂಡಿತು. ಗಣಕಯಂತ್ರದ ಭಾಷೆ ಎರಡನೆಯದನ್ನು. ಡೇಟಾಬೇಸಿನ ಈ ಬೀಗ ‘ಟ್ರಾನ್ಸ್‌ಪರೆಂಟ್’ ಎನ್ನಿಸಿಕೊಂಡದ್ದು ಒಳಗಿನದು ಕಾಣುತ್ತದೆಂಬ ಕಾರಣಕ್ಕಲ್ಲ, ಬಳಸುವವನಿಗೆ ಬೀಗವೇ ಕಾಣುವುದಿಲ್ಲವೆಂಬ ಕಾರಣಕ್ಕೆ. ಆದ್ದರಿಂದ ಈ ಲೇಖನದಲ್ಲಿ ಅದನ್ನು ‘ಕಾಣದ ಬೀಗ’ ಎಂದೇ ಕರೆಯುತ್ತೇವೆ. ಬೀಗ ಕಾಣದಿರಬೇಕೆಂಬ ಷರತ್ತು ಎಲ್ಲಿಂದ ಬಂತು, ಅದಕ್ಕೆ ತೆತ್ತ ಬೆಲೆ ಏನು ಎಂಬುದೇ ಇಲ್ಲಿಯ ಕತೆ.

ಆರಂಭವನ್ನು 1970ರಲ್ಲಿ ಹುಡುಕಬೇಕು. ಆ ವರ್ಷದ ಜೂನ್ ತಿಂಗಳಿನಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಪ್ರಬಂಧ ಪ್ರಕಟಿಸಿದ. ಆಕ್ಸ್‌ಫರ್ಡಿನಲ್ಲಿ ಓದಿ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ವಿಮಾನ ನಡೆಸಿ, ಆಮೇಲೆ ಅಮೆರಿಕದ ಐಬಿಎಂ ಸಂಸ್ಥೆಯನ್ನು ಸೇರಿದ್ದ ಈತನ ವಾದ ಸರಳವಾಗಿತ್ತು. ಮಾಹಿತಿ ಯಂತ್ರದೊಳಗೆ ಯಾವ ಕ್ರಮದಲ್ಲಿ, ಯಾವ ಮೂಲೆಯಲ್ಲಿ ಕೂತಿದೆ ಎಂಬ ತಲೆನೋವು ಅದನ್ನು ಬಳಸುವವನಿಗೆ ಇರಕೂಡದು. ಅವನಿಗೆ ಕಾಣಬೇಕಾದುದು ಕೋಷ್ಟಕಗಳು ಮಾತ್ರ: ಸಾಲುಗಳು ಮತ್ತು ಕಾಲಂಗಳು. ಕೇಳಬೇಕಾದದ್ದನ್ನು ಕೇಳಿದರೆ ಸಾಕು, ಹುಡುಕುವ ಕೆಲಸ ಯಂತ್ರದ್ದು. ಸಂಬಂಧಾತ್ಮಕ ಡೇಟಾಬೇಸ್ ಎಂಬ ಕಲ್ಪನೆ ಹುಟ್ಟಿದ್ದು ಹೀಗೆ. ಒಳಗಿನ ವ್ಯವಸ್ಥೆ ಬದಲಾದರೂ ಹೊರಗಿನ ತಂತ್ರಾಂಶ ಕೆಡದಂತಿರಬೇಕು ಎಂಬ ಈ ಶಿಸ್ತು ಎಷ್ಟು ಆಳವಾಗಿ ಬೇರೂರಿತೆಂದರೆ, ಮೂವತ್ತೈದು ವರ್ಷಗಳ ನಂತರ ಬೀಗ ಹಾಕುವ ಪ್ರಶ್ನೆ ಬಂದಾಗಲೂ ಅದೇ ಷರತ್ತು ಎದುರು ನಿಂತಿತು. ಬೀಗವೂ ಒಳಗಿನ ವ್ಯವಸ್ಥೆಯ ಭಾಗವೇ, ಅದೂ ಕಾಣಕೂಡದು.

ಆದರೆ 70ರ ದಶಕದಲ್ಲಿ ಡೇಟಾಬೇಸಿನ ರಕ್ಷಣೆಯೆಂದರೆ ಬೀಗವಲ್ಲ, ಬಾಗಿಲುಕಾಯುವವನು. ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ಪೆಟ್ರೀಷಿಯಾ ಗ್ರಿಫಿತ್ಸ್ ಮತ್ತು ಬ್ರಾಡ್‌ಫರ್ಡ್ ವೇಡ್ 1976ರಲ್ಲಿ ರೂಪಿಸಿದ ಅನುಮತಿಯ ವ್ಯವಸ್ಥೆ ಇಂದಿಗೂ ಅದೇ ಹೆಸರಿನಲ್ಲಿ ನಡೆದಿದೆ: ‘ಗ್ರ್ಯಾಂಟ್’ ಎಂದರೆ ಅನುಮತಿ ಕೊಡು, ‘ರಿವೋಕ್’ ಎಂದರೆ ಹಿಂತೆಗೆದುಕೋ. ಯಾರು ಯಾವ ಕೋಷ್ಟಕವನ್ನು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಡೇಟಾಬೇಸೇ ನೋಡಿಕೊಳ್ಳುತ್ತದೆ. ಅಚ್ಚುಕಟ್ಟಾದ ಏರ್ಪಾಡು. ಅದರಲ್ಲಿ ಇದ್ದದ್ದು ಒಂದೇ ಒಂದು ಬಿರುಕು. ಕೋಷ್ಟಕಗಳೆಲ್ಲ ಕೊನೆಗೆ ಡಿಸ್ಕಿನ ಮೇಲಿನ ಕಡತಗಳೇ. ಬಾಗಿಲಿಗೆ ಬಾರದೆ, ಹಿತ್ತಿಲಿನಿಂದ ಡಿಸ್ಕನ್ನೇ ಹೊತ್ತೊಯ್ದವನಿಗೆ ಬಾಗಿಲುಕಾಯುವವನು ಏನು ಮಾಡಿಯಾನು? ಡಿಸ್ಕುಗಳು ಬಟ್ಟೆ ಒಗೆಯುವ ಯಂತ್ರದ ಗಾತ್ರದಲ್ಲಿದ್ದ ಕಾಲ ಅದು. ಹೊತ್ತೊಯ್ಯುವ ಮಾತು ಯಾರಿಗೂ ಗಂಭೀರವಾಗಿ ತೋರಲಿಲ್ಲ.

ಬೀಗಕ್ಕೆ ಬೇಕಾದ ಕಬ್ಬಿಣವೇನೋ ಅದೇ ದಶಕದಲ್ಲಿ ಸಿದ್ಧವಾಯಿತು. ಬರ್ಲಿನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದಿದ್ದ ಹಾರ್ಸ್ಟ್ ಫೈಸ್ಟೆಲ್ ಐಬಿಎಂನಲ್ಲಿ ಕಟ್ಟಿದ ಲೂಸಿಫರ್ ಎಂಬ ಗೂಢಲಿಪಿಯನ್ನು ತಿದ್ದಿ ತೀಡಿ, ಅಮೆರಿಕ ಸರಕಾರ 1977ರ ಜನವರಿಯಲ್ಲಿ ಡಿಇಎಸ್ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಮಾನಕವೆಂದು ಪ್ರಕಟಿಸಿತು. ಕೀಲಿಕೈಯ ಉದ್ದ 56 ಬಿಟ್ ಮಾತ್ರ. ಅದು ಸಾಲದೆಂದು ಡಿಫಿ ಮತ್ತು ಹೆಲ್‌ಮನ್ ಆಗಲೇ ತಕರಾರು ತೆಗೆದಿದ್ದರು. 1998ರಲ್ಲಿ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ವೆಚ್ಚದ ಒಂದು ಯಂತ್ರ 56 ಗಂಟೆಗಳಲ್ಲಿ ಆ ಬೀಗವನ್ನು ಒಡೆದು ತೋರಿಸಿದ ಮೇಲೆ ತಕರಾರಿಗೆ ಸಾಕ್ಷಿ ಸಿಕ್ಕಿತು. ಅದರ ಸ್ಥಾನಕ್ಕೆ 2001ರ ನವೆಂಬರಿನಲ್ಲಿ ಬೆಲ್ಜಿಯಂನ ಡೇಮನ್ ಮತ್ತು ರೈಮೆನ್ ರೂಪಿಸಿದ ಎಇಎಸ್ ಬಂತು. ಇಂದಿನ ಡೇಟಾಬೇಸುಗಳ ಬೀಗಗಳು ಬಹುಮಟ್ಟಿಗೆ ಅದರವೇ.

ಕಬ್ಬಿಣವಿದ್ದರೆ ಸಾಲದು, ಅದನ್ನು ಎಲ್ಲಿ ಜಡಿಯಬೇಕೆಂಬುದೂ ತಿಳಿಯಬೇಕು. 1978ರಲ್ಲಿ ರಿವೆಸ್ಟ್, ಆಡಲ್‌ಮನ್ ಮತ್ತು ಡೆರ್ಟೂಜೋಸ್ ಒಂದು ಸಣ್ಣ ಸಾಲದ ಕಂಪನಿಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು. ಬೇರೆಯವರ ಯಂತ್ರದಲ್ಲಿ ತನ್ನ ಲೆಕ್ಕವನ್ನು ಗೂಢಲಿಪಿಯಲ್ಲಿಟ್ಟ ಆ ಕಂಪನಿ, ಬೀಗ ತೆಗೆಯದೆಯೇ ಸಾಲಗಳ ಸರಾಸರಿಯನ್ನು ಕೇಳಿ ಪಡೆಯಲು ಸಾಧ್ಯವೇ? ಮೂರು ವರ್ಷಗಳ ನಂತರ ಡೇವಿಡಾ, ವೆಲ್ಸ್ ಮತ್ತು ಕ್ಯಾಮ್ ಇನ್ನೊಂದು ದಾರಿ ತೋರಿಸಿದರು. ಇಡೀ ಸಾಲಿಗೆ ಒಂದೇ ಗೂಢಲಿಪಿ. ಆದರೆ ಪ್ರತಿ ಕಾಲಂಗೂ ಬೇರೆಬೇರೆ ಉಪಕೀಲಿಕೈ. ಅದಕ್ಕೆ ಅವರು ಬಳಸಿದ್ದು ಚೀನೀ ಶೇಷ ಪ್ರಮೇಯವನ್ನು. ಆರ್ಯಭಟನ ಕುಟ್ಟಕವನ್ನು ಬಲ್ಲವರಿಗೆ ಆ ಲೆಕ್ಕ ಪರಕೀಯವೆನ್ನಿಸದು. ಎರಡೂ ಸೊಗಸಾದ ವಿಚಾರಗಳು. ಎರಡೂ ಬಹುಕಾಲ ಗ್ರಂಥಾಲಯದಲ್ಲಿಯೇ ಉಳಿದವು. ಯಾವ ಬ್ಯಾಂಕೂ ತನ್ನ ಸಾವಿರಾರು ತಂತ್ರಾಂಶಗಳನ್ನು ಬೀಗಕ್ಕಾಗಿ ತಿರುಗಿ ಬರೆಯಲು ಸಿದ್ಧವಿರಲಿಲ್ಲ.

ತಿರುಗಿ ಬರೆದವರ ಪಾಡು ಏನಾಯಿತೆಂಬುದಕ್ಕೆ 90ರ ದಶಕದ ಕೊನೆ ಸಾಕ್ಷಿ. ಒರಾಕಲ್ ಸಂಸ್ಥೆ ತನ್ನ 8ಐ ಆವೃತ್ತಿಯೊಂದಿಗೆ ಗೂಢಲಿಪಿಯ ಸಲಕರಣೆಗಳನ್ನು ಕೊಟ್ಟಿತು. ಬಳಸುವ ಹೊಣೆಯನ್ನು ತಂತ್ರಾಂಶ ಬರೆಯುವವನಿಗೆ ಬಿಟ್ಟಿತು. ಆತ ಹೆಸರಿನ ಕಾಲಂಗೆ ಬೀಗ ಹಾಕಿದ. ಹಾಕಿದೊಡನೆ ಅಕಾರಾದಿಯ ಸೂಚಿ ಕೆಲಸಕ್ಕೆ ಬಾರದಾಯಿತು, ಏಕೆಂದರೆ ಗೂಢಲಿಪಿಯಲ್ಲಿ ‘ಅ’ ಮೊದಲು ‘ಆ’ ಆಮೇಲೆ ಎಂಬ ಕ್ರಮವೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಕೀಲಿಕೈಯದು. ಅದನ್ನು ಎಲ್ಲಿಡುವುದು? ಬಹಳ ಜನ ತಂತ್ರಾಂಶದ ಸಾಲುಗಳ ನಡುವೆಯೇ ಬರೆದಿಟ್ಟರು.

ಕಾಣದ ಬೀಗದ ಅಗತ್ಯವನ್ನು ಕೊನೆಗೆ ಜಗತ್ತಿಗೆ ಮನಗಾಣಿಸಿದವರು ವಿಜ್ಞಾನಿಗಳಲ್ಲ, ಸರಕಾರಿ ನೌಕರರು. ವಿಜ್ಞಾನಿಗಳ ಚರಿತ್ರೆಯಲ್ಲಿ ಈ ಭಾಗ ಅಡಿಟಿಪ್ಪಣಿಗೆ ಸರಿದುಬಿಡುತ್ತದೆ. ನೌಕರವರ್ಗಕ್ಕೆ ಸೇರಿದ ನಮಗೆ ಇದೇ ಮುಖ್ಯ ಅಧ್ಯಾಯ. 2002ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಟೀಲ್ ದತ್ತಾಂಶ ಕೇಂದ್ರದೊಳಗೆ ಯಾರೋ ನುಗ್ಗಿದರು. ಅಲ್ಲಿದ್ದದ್ದು ರಾಜ್ಯದ ಸುಮಾರು 2,65,000 ನೌಕರರ ವೇತನದ ದಾಖಲೆ: ಹೆಸರು, ಸಾಮಾಜಿಕ ಭದ್ರತಾ ಸಂಖ್ಯೆ, ಸಂಬಳದ ವಿವರ. ರಾಜ್ಯಪಾಲರದೂ ಅದರಲ್ಲಿತ್ತು. ನುಗ್ಗಿದ್ದು ಪತ್ತೆಯಾದದ್ದು ಮೇ ತಿಂಗಳಿನಲ್ಲಿ; ನೌಕರರಿಗೆ ತಿಳಿಸಿದ್ದು ಅದಕ್ಕೂ ಕೆಲದಿನಗಳ ಮೇಲೆ. ತಮ್ಮ ವಿವರ ಕಳುವಾದ ಸುದ್ದಿ ತಮಗೇ ಕಡೆಯಲ್ಲಿ ತಲಪಿತೆಂದು ನೌಕರರು ಸಿಡಿದೆದ್ದರು. ಆ ವರ್ಷವೇ ಶಾಸನಸಭೆ ಒಂದು ಕಾನೂನು ಮಾಡಿತು. 2003ರ ಜುಲೈ 1ರಿಂದ ಅದು ಜಾರಿಗೆ ಬಂತು. ಜನರ ವಿವರ ಸೋರಿಕೆಯಾದರೆ ಅವರಿಗೆ ತಿಳಿಸುವುದು ಕಡ್ಡಾಯ. ಆದರೆ ಆ ಕಟ್ಟಳೆ ಅನ್ವಯಿಸಿದ್ದು ಗೂಢಲಿಪಿಯಲ್ಲಿ ಇಲ್ಲದ ವಿವರಗಳಿಗೆ ಮಾತ್ರ.

ಆ ಒಂದು ವಿಶೇಷಣ ಒಂದು ಉದ್ಯಮವನ್ನೇ ಹುಟ್ಟುಹಾಕಿತೆಂದರೆ ಅತಿಶಯವಲ್ಲ. ಬೀಗ ಹಾಕಿದ್ದರೆ ತಪ್ಪೊಪ್ಪಿಗೆಯ ಪತ್ರ ಬರೆಯಬೇಕಿಲ್ಲ! ಇದರ ಬೆಲೆ ಎಷ್ಟೆಂಬುದು 2005ರಲ್ಲಿ ಎಲ್ಲರಿಗೂ ಅರ್ಥವಾಯಿತು. ಆ ಫೆಬ್ರುವರಿಯಲ್ಲಿ ಬ್ಯಾಂಕ್ ಆಫ್ ಅಮೆರಿಕ, ಅಮೆರಿಕದ ಒಕ್ಕೂಟ ಸರಕಾರದ ನೌಕರರ ಸುಮಾರು 12 ಲಕ್ಷ ಖಾತೆಗಳ ವಿವರವಿದ್ದ ಬ್ಯಾಕಪ್ ಟೇಪುಗಳು ಸಾಗಣೆಯಲ್ಲಿ ಕಳೆದುಹೋದವೆಂದು ತಿಳಿಸಿತು. ಸೆನೆಟರುಗಳೂ ಆ ಪಟ್ಟಿಯಲ್ಲಿದ್ದರು. ಜೂನ್‌ನಲ್ಲಿ ಸಿಟಿಗ್ರೂಪ್‌ನ ಸರದಿ: 39 ಲಕ್ಷ ಗ್ರಾಹಕರ ವಿವರದ ಟೇಪುಗಳು ಕೊರಿಯರ್‌ನಲ್ಲಿ ಮಾಯವಾದವು. ಗಮನಿಸಿ, ಇಲ್ಲಿ ಯಾರೂ ನುಗ್ಗಲಿಲ್ಲ. ಬಾಗಿಲುಕಾಯುವವನು ಎಚ್ಚರವಾಗಿಯೇ ಇದ್ದ. 70ರ ದಶಕದಲ್ಲಿ ಹಿತ್ತಿಲಿನ ಕಳ್ಳನಿಗೆ ಹೊರಲಾಗದಿದ್ದದ್ದು ಈಗ ಅಂಗೈ ಅಗಲದ ಟೇಪಿನಲ್ಲಿ ಅಡಕವಾಗಿತ್ತು. ಇದರ ನಡುವೆ, 2004ರ ಡಿಸೆಂಬರಿನಲ್ಲಿ, ಕ್ರೆಡಿಟ್ ಕಾರ್ಡ್ ಸಂಸ್ಥೆಗಳು ಸೇರಿ ಹೊರಡಿಸಿದ ಪಿಸಿಐ ಮಾನಕ, ಸಂಗ್ರಹಿಸಿಟ್ಟ ಕಾರ್ಡಿನ ಸಂಖ್ಯೆ ಓದಲು ಬಾರದಂತಿರಬೇಕೆಂದು ವಿಧಿಸಿತ್ತು.

ಒರಾಕಲ್ 2005ರಲ್ಲಿ ತನ್ನ 10ಜಿ ಎರಡನೆಯ ಬಿಡುಗಡೆಯಲ್ಲಿ ಕಾಣದ ಬೀಗವನ್ನು ತಂದದ್ದು ಈ ಹಿನ್ನೆಲೆಯಲ್ಲಿ. ಮೈಕ್ರೋಸಾಫ್ಟ್ 2008ರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದನ್ನೇ ತಂದಿತು. ಮರಿಯಾಡಿಬಿ, ಮೈಎಸ್‌ಕ್ಯೂಎಲ್ 2015–16ರ ಹೊತ್ತಿಗೆ ಹಿಂಬಾಲಿಸಿದವು. ಎಲ್ಲರ ಜಾಹೀರಾತಿನ ಮಾತೂ ಒಂದೇ: ನಿಮ್ಮ ತಂತ್ರಾಂಶದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಬದಲಿಸದೆ ಬೀಗ ಹಾಕುವುದೆಲ್ಲಿ? ಒರಾಕಲ್ ಮೊದಲು ಕಾಲಂಗೆ ಹಾಕಿ ನೋಡಿತು. ಹಳೆಯ ತೊಡಕುಗಳು ಮರುಕಳಿಸಿದವು. ಒಂದೇ ಹೆಸರು ಎರಡು ಕಡೆ ಬಂದಾಗ ಎರಡೂ ಒಂದೇ ಗೂಢರೂಪ ತಾಳದಿರಲೆಂದು ಪ್ರತಿ ಮೌಲ್ಯಕ್ಕೂ ಒಂದು ಚಿಟಿಕೆ ‘ಉಪ್ಪು’ ಬೆರೆಸುತ್ತಾರೆ. ಆ ಬಾಬಿಗೆ ಇಂಗ್ಲಿಷಿನಲ್ಲಿಯೂ ಉಪ್ಪೆಂದೇ ಹೆಸರು. ಉಪ್ಪು ಬೆರೆಸಿದರೆ ಸೂಚಿ ಕಟ್ಟಲಾಗದು. ಬೆರೆಸದಿದ್ದರೆ ಗುಟ್ಟು ಅರ್ಧ ಬಯಲು. ಬೆರೆಸದೆ ಸೂಚಿ ಕಟ್ಟಿದರೂ ‘ಇಷ್ಟಕ್ಕೆ ಸಮ’ ಎಂದು ಕೇಳಬಹುದೇ ಹೊರತು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಕೇಳುವಂತಿಲ್ಲ. ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಬೆಸೆಯುವ ಕಾಲಂಗಂತೂ ಬೀಗವೇ ನಿಷಿದ್ಧ. ಎರಡು ವರ್ಷದ ಮೇಲೆ, 11ಜಿ ಆವೃತ್ತಿಯಲ್ಲಿ, ಬೀಗವನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಇಡೀ ಸಂಗ್ರಹಕ್ಕೇ ಹಾಕುವ ಅನುಕೂಲ ಬಂತು.

ಕೆಳಗಿನ ಮೆಟ್ಟಿಲಿನ ಗುಟ್ಟು ಇಷ್ಟು. ಡೇಟಾಬೇಸ್ ಡಿಸ್ಕಿನಿಂದ ಸಾಲುಸಾಲಾಗಿ ಓದುವುದಿಲ್ಲ, ಪುಟಪುಟವಾಗಿ ಓದುತ್ತದೆ. ಪುಟವೆಂದರೆ 8 ಅಥವಾ 16 ಕಿಲೋಬೈಟಿನ ಒಂದು ತುಂಡು. ಡಿಸ್ಕಿನಿಂದ ನೆನಪಿನಂಗಳಕ್ಕೆ ಪುಟ ಬರುವ ಹೊಸ್ತಿಲಿನಲ್ಲಿ ಬೀಗ ತೆಗೆಯುವುದು, ಮರಳಿ ಹೋಗುವಾಗ ಹಾಕುವುದು. ಹೊಸ್ತಿಲಿನ ಈಚೆಗೆ ಎಲ್ಲವೂ ಸಾದಾ ಬರಹ. ಆದ್ದರಿಂದ ಸೂಚಿ, ಹೋಲಿಕೆ, ವರ್ಗೀಕರಣ ಎಲ್ಲವೂ ಎಂದಿನಂತೆ ನಡೆಯುತ್ತವೆ. ಹೊಸ್ತಿಲಿನ ಆಚೆಗೆ ಎಲ್ಲವೂ ಗೂಢ. ಒಂದೇ ಬಗೆಯ ಪುಟಗಳು ಒಂದೇ ಗೂಢರೂಪಕ್ಕೆ ಇಳಿಯದಂತೆ ಪ್ರತಿ ಪುಟಕ್ಕೂ ಅದರದೇ ಆದ ಆರಂಭಸಂಖ್ಯೆ ಇರಬೇಕು. ಇಂಥ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು 2013ರ ಅಡೋಬಿ ಪ್ರಕರಣ ತೋರಿಸಿತು. ಅಲ್ಲಿ ಸೋರಿದ ಕೋಟ್ಯಂತರ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿಯೇ ಇದ್ದವು. ಆದರೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರೆಲ್ಲರಿಗೂ ಒಂದೇ ಗೂಢರೂಪ. ಬಳಕೆದಾರರು ತಾವೇ ಬರೆದಿಟ್ಟ ಸುಳಿವುಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಕೀಲಿಕೈಯ ಹಂಗೇ ಇಲ್ಲದೆ ಬಹಳಷ್ಟು ಗುಟ್ಟು ಬಿಚ್ಚಿಕೊಂಡಿತು.

ಸಾದಾ ಬರಹ ಹೊಸ್ತಿಲು ದಾಟುವ ದಾರಿಗಳು ಮೇಲುನೋಟಕ್ಕೆ ತೋರುವುದಕ್ಕಿಂತ ಹೆಚ್ಚು. ದೊಡ್ಡ ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸುವಾಗ ನೆನಪಿನಂಗಳ ಸಾಲದೆ ಯಂತ್ರ ತಾತ್ಕಾಲಿಕ ಕಡತಕ್ಕೆ ಬರೆಯುತ್ತದೆ. ಅಪಘಾತವಾದರೆ ಚೇತರಿಸಿಕೊಳ್ಳಲೆಂದು ಪ್ರತಿ ಬದಲಾವಣೆಯ ದಿನಚರಿಯನ್ನು ಬೇರೆ ಇಡುತ್ತದೆ. ಮುಖ್ಯ ಕಡತಕ್ಕೆ ಮಾತ್ರ ಬೀಗ ಹಾಕಿ ಇವನ್ನು ಮರೆತರೆ, ಖಜಾನೆಗೆ ಬೀಗ ಹಾಕಿ ಲೆಕ್ಕದ ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟಂತೆ. ಅದಕ್ಕೇ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯಾವುದೇ ಒಂದು ಡೇಟಾಬೇಸಿಗೆ ಈ ಬೀಗ ಹಾಕಿದೊಡನೆ ಎಲ್ಲರೂ ಹಂಚಿಕೊಳ್ಳುವ ತಾತ್ಕಾಲಿಕ ಅಂಗಳಕ್ಕೂ ಬೀಗ ಬೀಳುತ್ತದೆ. ವೇಗದ ಚಿಂತೆ ಮೊದಲು ದೊಡ್ಡದಿತ್ತು. 2010ರ ಸುಮಾರಿಗೆ ಇಂಟೆಲ್ ತನ್ನ ಪ್ರೊಸೆಸರುಗಳಲ್ಲಿಯೇ ಎಇಎಸ್‌ಗೆ ಬೇಕಾದ ಆದೇಶಗಳನ್ನು ಅಳವಡಿಸಿದ ಮೇಲೆ ಅದು ಹೆಚ್ಚುಕಡಿಮೆ ಕರಗಿತು.

ಇನ್ನು ಕೀಲಿಕೈ. ಇಲ್ಲಿ ಪದದ ಬಗ್ಗೆ ಒಂದು ಮಾತು. ಮೈಸೂರು ಕಡೆಯವರಿಗೆ ಬೀಗ ಮತ್ತು ಬೀಗದ ಕೈ. ಧಾರವಾಡದವರಿಗೆ ಕೀಲಿ ಮತ್ತು ಕೀಲಿಕೈ. ತಂತ್ರಜ್ಞಾನದ ಕನ್ನಡದಲ್ಲಿ ಇಂಗ್ಲಿಷಿನ ‘ಕೀ’ಗೆ ಬರಿಯ ‘ಕೀಲಿ’ ಎಂದು ಬರೆಯುವುದನ್ನು ಕಂಡಾಗ ಪುಣೆಯ ನಮ್ಮ ಹಿರಿಯರೊಬ್ಬರು, “ಕೀಲಿಗೆ ಕೀಲಿ ಹಾಕ್ತೀರೇನು?” ಎಂದು ನಕ್ಕಿದ್ದರು. ಆ ನಗೆಯಲ್ಲಿ ತತ್ತ್ವವಿದೆ. ಕಾಣದ ಬೀಗದ ವಿನ್ಯಾಸಕಾರರು ಮಾಡಿದ್ದು ಅಕ್ಷರಶಃ ಅದನ್ನೇ. ಪುಟಗಳಿಗೆ ಬೀಗ ಹಾಕುವ ಕೀಲಿಕೈ ಒಂದು. ಆ ಕೀಲಿಕೈಯನ್ನೇ ಗೂಢಲಿಪಿಯಲ್ಲಿಡುವ ಇನ್ನೊಂದು ಕೀಲಿಕೈ ಅದರ ಮೇಲೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅದರ ಮೇಲೂ ಮತ್ತೆರಡು ಮೂರು. ಈ ಸರಪಳಿ ಆಡಂಬರವಲ್ಲ. ಮೇಲಿನ ಕೀಲಿಕೈಯನ್ನು ಬದಲಿಸಬೇಕಾದಾಗ ಕೋಟಿ ಪುಟಗಳನ್ನು ಬಿಚ್ಚಿ ಕಟ್ಟಬೇಕಾಗಿಲ್ಲ. ಕೆಳಗಿನ ಒಂದು ಸಣ್ಣ ಕೀಲಿಕೈಯನ್ನು ಮಾತ್ರ ಬಿಚ್ಚಿ ಕಟ್ಟಿದರಾಯಿತು. ಆದರೂ ಸರಪಳಿಗೊಂದು ತುದಿ ಇರಲೇಬೇಕು. ಆ ತುದಿಯ ಕೀಲಿಕೈ ಬೇರೊಂದು ಪೆಟ್ಟಿಗೆಯಲ್ಲಿಯೋ ಯಾವನೋ ಒಬ್ಬ ಮನುಷ್ಯನ ವಶದಲ್ಲಿಯೋ ಇರುತ್ತದೆ.

ಗಣಿತ ಮುಗಿದು ಕಚೇರಿ ಆರಂಭವಾಗುವುದು ಆ ತುದಿಯಲ್ಲಿ. ಬ್ರಿಟಿಷರ ಕಾಲದಿಂದ ಬಂದ ಖಜಾನೆಯ ‘ಡಬಲ್ ಲಾಕ್’ ಪದ್ಧತಿಯನ್ನು ಸರಕಾರಿ ನೌಕರಿಯಲ್ಲಿರುವವರೆಲ್ಲ ಬಲ್ಲರು. ಭದ್ರಕೋಣೆಗೆ ಎರಡು ಬೀಗ. ಒಂದರ ಕೀಲಿಕೈ ಖಜಾನಾಧಿಕಾರಿಯ ಬಳಿ, ಇನ್ನೊಂದರದು ಖಜಾಂಚಿಯ ಬಳಿ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯದು. ಕಚೇರಿಯ ನಗದು ಪೆಟ್ಟಿಗೆಗೂ ಇಂಥದೇ ಕಟ್ಟುಪಾಡು: ಡುಪ್ಲಿಕೇಟ್ ಕೀಲಿಕೈ ಮೊಹರು ಮಾಡಿದ ಲಕೋಟೆಯಲ್ಲಿ ಬೇರೊಂದು ಕಚೇರಿಯ ವಶದಲ್ಲಿರಬೇಕು. ವರ್ಷಕ್ಕೊಮ್ಮೆ ಅದನ್ನು ತರಿಸಿ, ಪರೀಕ್ಷಿಸಿ, ಹೊಸ ಮೊಹರು ಹಾಕಿ, ಹೊಸ ರಸೀದಿ ಪಡೆದು ಹಿಂದಿರುಗಿಸಬೇಕು. ಅದಕ್ಕೊಂದು ರಿಜಿಸ್ಟರು. ನೌಕರಿಗೆ ಸೇರಿದ ಹೊಸತರಲ್ಲಿ ಈ ವಿಧಿ ನಮಗೆ ಕಾಗದದ ಶೋಕಿಯಾಗಿ ಕಂಡಿತ್ತು. ಮುಂದೊಂದು ಊರಿಗೆ ವರ್ಗವಾಗಿ ಹೋದಾಗ, ಅಧಿಕಾರ ವಹಿಸಿಕೊಳ್ಳುವ ಪಟ್ಟಿಯಲ್ಲಿ ಒಂದು ಉಕ್ಕಿನ ಬೀರು ಇತ್ತು. ಅದರ ಕೀಲಿಕೈ ಇರಲಿಲ್ಲ. ಎಷ್ಟು ವರ್ಷದಿಂದ ಇರಲಿಲ್ಲವೆಂದು ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಅಧಿಕಾರಿಯೂ ‘ಬೀರು ಒಂದು’ ಎಂದು ಸಹಿ ಮಾಡುತ್ತ ಬಂದಿದ್ದರು. ಬೀಗ ಒಡೆಸಿದಾಗ ಒಳಗೆ ಸಿಕ್ಕದ್ದು ನಿವೃತ್ತರಾದ ಇಬ್ಬರ ಸೇವಾ ಪುಸ್ತಕಗಳು. ಪಕ್ಕದ ಇನ್ನೊಂದು ಬೀರುವಿನ ಕೀಲಿಕೈಯಾದರೋ ಅದರ ಹಿಂದಿನ ಮೊಳೆಯಲ್ಲಿಯೇ ನೇತಾಡುತ್ತಿತ್ತು.

ಕಾಣದ ಬೀಗದ ವೈಫಲ್ಯಗಳೂ ಈ ಎರಡು ಬೀರುಗಳ ಕತೆಯೇ. ಟೇಪಿನ ಜೊತೆಗೆ ಅದೇ ಟೇಪಿನಲ್ಲಿ ಕೀಲಿಕೈಯ ಕಡತವೂ ನಕಲಾದರೆ ಮೊಳೆಗೆ ನೇತುಹಾಕಿದಂತೆ. ಯಂತ್ರ ಕೆಟ್ಟು, ಬ್ಯಾಕಪ್ಪನ್ನು ಇನ್ನೊಂದರ ಮೇಲೆ ತೆರೆಯ ಹೊರಟಾಗ ಕೀಲಿಕೈಯ ನಕಲು ಯಾರ ಬಳಿಯೂ ಇಲ್ಲವೆಂದು ತಿಳಿದರೆ ಆ ಬ್ಯಾಕಪ್ಪು ಬರಿಯ ಕಸ. ಉಕ್ಕಿನ ಬೀರುವನ್ನು ಒಡೆಸಬಹುದು. ಎಇಎಸ್‌ನ ಬೀಗವನ್ನು ಒಡೆಯುವ ಬಡಗಿ ಇನ್ನೂ ಹುಟ್ಟಿಲ್ಲ.

ಕೀಲಿಕೈ ಸುರಕ್ಷಿತವಾಗಿದ್ದರೂ ಈ ಬೀಗ ಯಾರಿಂದ ಕಾಯುತ್ತದೆಂಬ ಪ್ರಶ್ನೆ ಉಳಿಯುತ್ತದೆ. 2007ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ತೆರಿಗೆ ಇಲಾಖೆ, ಮಕ್ಕಳ ಭತ್ಯೆ ಪಡೆಯುವ ಕುಟುಂಬಗಳ ಎರಡೂವರೆ ಕೋಟಿ ಜನರ ವಿವರಗಳನ್ನು ಎರಡು ಸಿ.ಡಿ.ಗಳಿಗೆ ಇಳಿಸಿ ಲೆಕ್ಕಪರಿಶೋಧಕರಿಗೆ ಅಂಚೆಯಲ್ಲಿ ಕಳಿಸಿತು. ಪಾಸ್‌ವರ್ಡ್ ಇತ್ತು, ಗೂಢಲಿಪಿ ಇರಲಿಲ್ಲ. ಸಿ.ಡಿ.ಗಳು ಮುಟ್ಟಲಿಲ್ಲ, ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಈ ಪ್ರಸಂಗವನ್ನು ಕಾಣದ ಬೀಗದ ಪರವಾದ ಸಾಕ್ಷಿಯೆಂದು ಎಣಿಸುವುದು ಸುಲಭ. ಆದರೆ ಅದು ಎದುರುಸಾಕ್ಷಿ. ಅನುಮತಿಯಿದ್ದ ನೌಕರನೊಬ್ಬ ಪಟ್ಟಿ ಕೇಳಿದ ಕ್ಷಣದಲ್ಲಿ, ಕಾಣದ ಬೀಗವಿದ್ದಿದ್ದರೂ ಅದು ತಾನಾಗಿ ತೆರೆದುಕೊಂಡು ಸಾದಾ ಬರಹವನ್ನೇ ಕೈಗಿಡುತ್ತಿತ್ತು. ಸಿ.ಡಿ.ಗೆ ಇಳಿಯುತ್ತಿದ್ದದ್ದೂ ಸಾದಾ ಬರಹವೇ. ಬಾಗಿಲಿನಿಂದ ಬಂದವನಿಗೆ ಬೀಗ ಕಾಣುವುದಿಲ್ಲವೆಂಬುದು ಅದರ ಗುಣವೂ ಹೌದು, ದೋಷವೂ ಹೌದು.

ಎಂಟು ವರ್ಷದ ಮೇಲೆ ಅಮೆರಿಕದ ಸಿಬ್ಬಂದಿ ನಿರ್ವಹಣಾ ಕಚೇರಿ ಅದೇ ಪಾಠವನ್ನು ಇನ್ನಷ್ಟು ಕಹಿಯಾಗಿ ಕಲಿಯಿತು. ಅಲ್ಲಿ ಕಳುವಾದದ್ದು ಒಕ್ಕೂಟ ಸರಕಾರದ ನೌಕರರು ಮತ್ತು ಅಭ್ಯರ್ಥಿಗಳ ಹಿನ್ನೆಲೆಯ ತನಿಖೆಯ ಕಡತಗಳು, ಸುಮಾರು 2.15 ಕೋಟಿ ಜನರದು. ಜೊತೆಗೆ 56 ಲಕ್ಷ ಜನರ ಬೆರಳಚ್ಚು. ನಮ್ಮಲ್ಲಿ ನೌಕರಿಗೆ ಸೇರುವಾಗ ತುಂಬಿಕೊಡುವ ದೃಢೀಕರಣ ನಮೂನೆಯನ್ನು ನೆನೆಸಿಕೊಳ್ಳಿ. ಅಲ್ಲಿಯದು ಅದಕ್ಕಿಂತ ಎಷ್ಟೋ ಪಾಲು ದೀರ್ಘ. ಹಿಂದೆ ಇದ್ದ ಮನೆಗಳು, ಬಂಧುಗಳು, ಸಾಲ, ಕಾಯಿಲೆ ಎಲ್ಲವೂ ಅದರಲ್ಲಿ ಇರುತ್ತದೆ. 2015ರ ಜೂನ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಗೂಢಲಿಪಿ ಏಕಿರಲಿಲ್ಲವೆಂಬ ಪ್ರಶ್ನೆ ಎದ್ದಿತು. ಕೆಲವು ಯಂತ್ರಗಳು ಅದಕ್ಕೆ ತೀರ ಹಳೆಯವೆಂಬ ಉತ್ತರ ಬಂತು. ಅದಕ್ಕಿಂತ ತೂಕದ ಮಾತನ್ನು ಆಂತರಿಕ ಭದ್ರತಾ ಇಲಾಖೆಯ ಅಧಿಕಾರಿ ಹೇಳಿದರು: ನುಗ್ಗಿದವರ ಕೈಯಲ್ಲಿ ಸಾಚಾ ಬಳಕೆದಾರರ ರುಜುವಾತುಗಳೇ ಇದ್ದುದರಿಂದ ಇಲ್ಲಿ ಗೂಢಲಿಪಿ ನೆರವಿಗೆ ಬರುತ್ತಿರಲಿಲ್ಲ.

ಪೋಸ್ಟ್‌ಗ್ರೆಸ್ ಎಂಬ ಮುಕ್ತ ಡೇಟಾಬೇಸಿನ ನಿರ್ಮಾತೃಗಳು ಈ ಕಾರಣಕ್ಕೇ ವರ್ಷಗಟ್ಟಲೆ ವಾದಿಸುತ್ತ ಬಂದಿದ್ದಾರೆ. ಡಿಸ್ಕಿನ ಕಳ್ಳನನ್ನು ತಡೆಯಲು ಇಡೀ ಡಿಸ್ಕಿಗೆ ಹಾಕುವ ಬೀಗವೇ ಸಾಕಲ್ಲವೇ, ಡೇಟಾಬೇಸಿನೊಳಗೆ ಮತ್ತೊಂದೇಕೆ ಎಂದು ಒಂದು ಪಕ್ಷ. ಡಿಸ್ಕಿನ ಬೀಗ ಯಂತ್ರ ಓಡುತ್ತಿರುವಾಗ ತೆರೆದೇ ಇರುತ್ತದೆ, ಅಲ್ಲಿಂದ ಪ್ರತಿಯಾದ ಬ್ಯಾಕಪ್ಪಿನ ಜೊತೆ ಅದು ಬರುವುದಿಲ್ಲ ಎಂದು ಇನ್ನೊಂದು ಪಕ್ಷ. 2025ರ 18ನೆಯ ಆವೃತ್ತಿಯವರೆಗೂ ಅದರ ಮೂಲರೂಪದಲ್ಲಿ ಕಾಣದ ಬೀಗ ಬಂದಿಲ್ಲ. ಕಾಲಹರಣವೆಂದು ಕೆಲವರು ಗೊಣಗುತ್ತಾರೆ. ಯಾವ ಕಳ್ಳನಿಗಾಗಿ ಈ ಬೀಗ ಎಂದು ಮೊದಲು ಕೇಳಿಕೊಂಡವರು ಅವರು ಎಂಬ ಕಾರಣಕ್ಕೆ ನಮಗೆ ಆ ವಾದದ ಮೇಲೆ ಗೌರವವಿದೆ.

ಬಾಗಿಲಿನಿಂದ ಬಂದವನಿಗೂ ಕಾಣದಂತೆ, ನೆನಪಿನಂಗಳದಲ್ಲಿಯೂ ಗೂಢವಾಗಿಯೇ ಇಟ್ಟು ಪ್ರಶ್ನೆಗೆ ಉತ್ತರಿಸುವ ಯತ್ನಗಳು ಇಲ್ಲದಿಲ್ಲ. 1978ರ ಸಾಲದ ಕಂಪನಿಯ ಕನಸು ಅದೇ ಆಗಿತ್ತು. 2004ರಲ್ಲಿ ರಾಕೇಶ್ ಅಗ್ರವಾಲ್, ರಾಮಕೃಷ್ಣನ್ ಶ್ರೀಕಾಂತ್ ಮತ್ತು ಸಂಗಡಿಗರು ಕ್ರಮವನ್ನು ಉಳಿಸಿಕೊಳ್ಳುವ ಗೂಢಲಿಪಿಯನ್ನು ತಂದರು: ಚಿಕ್ಕ ಸಂಖ್ಯೆಯ ಗೂಢರೂಪವೂ ಚಿಕ್ಕದೇ. 2011ರಲ್ಲಿ ರಲುಕಾ ಪೋಪಾ, ಹರಿ ಬಾಲಕೃಷ್ಣನ್ ಮತ್ತಿತರರು ಎಂಐಟಿಯಲ್ಲಿ ಕಟ್ಟಿದ ಕ್ರಿಪ್ಟ್‌ಡಿಬಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಗೂಢಲಿಪಿ ಹೊದಿಸಿ, ಬೇಕಾದಷ್ಟನ್ನೇ ಸುಲಿಯುವ ವ್ಯವಸ್ಥೆ. ಇದಕ್ಕೆ ತೊಡಕಾದದ್ದು ಒಂಬತ್ತನೆಯ ಶತಮಾನದ ಬಾಗ್ದಾದಿನ ಅಲ್-ಕಿಂದಿ. ಅಕ್ಷರಗಳ ಆವೃತ್ತಿಯನ್ನು ಎಣಿಸಿ ಗೂಢಲಿಪಿ ಬಿಡಿಸುವ ಉಪಾಯ ಆತನದು. ಒಂದು ಕಚೇರಿಯ ವೇತನಪಟ್ಟಿಯಲ್ಲಿ ಹುದ್ದೆಯ ಕಾಲಂ ಗೂಢವಾಗಿದೆಯೆನ್ನಿ. ಎಪ್ಪತ್ತು ಸಲ ಬಂದ ಗೂಢರೂಪ ಗುಮಾಸ್ತರದು, ಒಂದೇ ಸಲ ಬಂದದ್ದು ನಿರ್ದೇಶಕರದು ಎಂದು ಊಹಿಸಲು ಯಾವ ಕೀಲಿಕೈ ಬೇಕು? 2015ರಲ್ಲಿ ನವೀದ್, ಕಮಾರಾ ಮತ್ತು ರೈಟ್ ಅಮೆರಿಕದ ಆಸ್ಪತ್ರೆಗಳ ದಾಖಲೆಗಳ ಮೇಲೆ ಈ ಬಗೆಯ ಊಹೆಯನ್ನೇ ಪ್ರಯೋಗಿಸಿ, ಇಂಥ ಗೂಢಲಿಪಿಯಲ್ಲಿಟ್ಟ ರೋಗಿಗಳ ವಿವರಗಳನ್ನು ದೊಡ್ಡ ಪ್ರಮಾಣದಲ್ಲಿ ಬಿಡಿಸಿ ತೋರಿಸಿದರು. ಬೀಗ ಹಾಕಿಯೂ ಹುಡುಕಬೇಕೆಂದರೆ ಏನನ್ನಾದರೂ ಬಿಟ್ಟುಕೊಡಬೇಕು.

ಹೊರನಾಡಿನಲ್ಲಿರುವ ನಮ್ಮ ಪಾಲಿಗೆ ಇದು ದೂರದೇಶದ ಸುದ್ದಿಯಲ್ಲ. ಊರಿಂದ ಊರಿಗೆ ಬದಲಾದಾಗಲೆಲ್ಲ ಅನಿಲ ಸಂಪರ್ಕ, ಮಕ್ಕಳ ಶಾಲೆ, ಬಾಡಿಗೆ ಕರಾರು, ಚಾಲನಾ ಪರವಾನಗಿ ಎಂದು ನಮ್ಮದೊಂದು ಸಾಲನ್ನು ಆ ಊರಿನ ಯಾವುದೋ ಕೋಷ್ಟಕದಲ್ಲಿ ಬಿಟ್ಟು ಬರುತ್ತೇವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದರ ಮುಂದಿನ ಕೊಂಡಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಗಳವರೆಗೆ ದಂಡ. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಗೂಢಲಿಪಿಯನ್ನು ಹೆಸರಿಟ್ಟೇ ಹೇಳುತ್ತವೆ.

ಕ್ಯಾಲಿಫೋರ್ನಿಯದ ಕಾನೂನು ಕೊಟ್ಟಿದ್ದ ವಿನಾಯಿತಿ ನಮ್ಮ ಅಧಿನಿಯಮದಲ್ಲಿಲ್ಲ. ವೈಯಕ್ತಿಕ ದತ್ತಾಂಶದ ಉಲ್ಲಂಘನೆಯ ವ್ಯಾಖ್ಯೆ ಬೀಗ ಹಾಕಿದ್ದು, ಹಾಕದ್ದು ಎಂದು ಭೇದ ಮಾಡುವುದಿಲ್ಲ. ಅದಕ್ಕಿಂತ ಕುತೂಹಲಕರವಾದದ್ದು, ಕದ್ದು ಓದುವುದರ ಜೊತೆಗೆ ದತ್ತಾಂಶವು ಕೈಗೆ ಸಿಗದಂತಾಗುವುದೂ ಆ ವ್ಯಾಖ್ಯೆಯೊಳಗೆ ಸೇರಿದೆ. ನಮ್ಮ ಓದು ಸರಿಯಾಗಿದ್ದರೆ, ಕೀಲಿಕೈ ಕಳೆದ ಕಚೇರಿಯೂ ಇನ್ನು ಮುಂದೆ ಕಳುವಾದ ಕಚೇರಿಯ ಸಾಲಿನಲ್ಲಿಯೇ ನಿಲ್ಲಬೇಕಾದೀತು.

ಈಚೆಗೆ ಪರಿಚಯದ ಕಿರಿಯ ತಂತ್ರಜ್ಞರೊಬ್ಬರು ತಾವು ನೋಡಿಕೊಳ್ಳುವ ಡೇಟಾಬೇಸಿಗೆ ಈ ಬೀಗವನ್ನು ಹಾಕಿಸಿದ ಸಂಗತಿಯನ್ನು ಹೆಮ್ಮೆಯಿಂದ ಹೇಳಿಕೊಂಡರು. ಕೀಲಿಕೈಯ ನಕಲು ಬೇರೆ ಕಡೆ ಇದೆಯೇ ಎಂದು ಕೇಳಿದೆವು. ಇದೆ ಎಂದರು. ಅದನ್ನು ತರಿಸಿ, ಇನ್ನೊಂದು ಯಂತ್ರದಲ್ಲಿ ಬ್ಯಾಕಪ್ಪನ್ನು ತೆರೆದು ನೋಡಿದ್ದು ಯಾವಾಗ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಆ ನಿಮ್ಮ ಡುಪ್ಲಿಕೇಟ್ ಕೀ ರಿಜಿಸ್ಟರಿನಲ್ಲಿ ಯಾವ ಯಾವ ಕಾಲಂ ಇರುತ್ತವೆ?” ಎಂದು ಕೇಳಿದರು. ನಾವು ಒಂದು ಹಾಳೆ ತೆಗೆದುಕೊಂಡು ಗೆರೆ ಹಾಕಿಕೊಟ್ಟೆವು.